ಅಕ್ಕನ ಮಗ ಕೇಳಿದ ಪ್ರಶ್ನೆ

ಹೋದ ಭಾನುವಾರ ಅಕ್ಕನ ಮಗ ನನ್ನ ಫೋನಿನಲ್ಲಿ ನಮ್ಮ ಲ್ಯಾಬಿನ ಒಂದು ವಿಡಿಯೋ ನೋಡಿದ. ನೀಲಿ ಸೆಲ್ಲುಗಳು ಒಂದೊಂದಾಗಿ ಹಸಿರು, ಹಳದಿ, ಕೆಂಪು ಆಗಿ ಮತ್ತೆ ನೀಲಿಗೆ ಇಳಿಯುತ್ತವೆ. ಇದು ಕ್ಯಾಲ್ಸಿಯಂ ಕಣೋ ಅಂದೆ.

"ಹಾಲಿನ್ಯಾಗ ಇರ್ತದಲ್ಲ, ಅದ ಏನು?"

ಅದೇ ಅಂದೆ.

"ಮಾವಶಿ, ನನ್ನ ಎದಿಯೊಳಗೂ ಹಿಂಗ ಆಗ್ತದೇನು?"

ಆಗ್ತದ ಅಂದು ಸುಮ್ಮನಾದೆ. ಆದರೆ ಅದು ಅರ್ಧ ಉತ್ತರ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ. ಇನ್ನೆರಡು ವರ್ಷಕ್ಕೆ ಅವನೇ ಓದಿಕೊಳ್ಳಲಿ.

ಅವನಿಗೆ ಈಗ ಒಂಬತ್ತು ವರ್ಷ. ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಹುಟ್ಟಿನಿಂದಲೇ ಬರುವ, ಕಫ ಗಟ್ಟಿಯಾಗುವ ಕಾಯಿಲೆ, ಅಂತ ಗೊತ್ತಾಗಿದ್ದು ನಾಲ್ಕು ತುಂಬಿದ ಮೇಲೆ. ಅದಕ್ಕೂ ಮೊದಲು ಒಂದು ಆಸ್ಪತ್ರೆಯಲ್ಲಿ ಟಿಬಿ ಅಂದುಕೊಂಡು ಆರು ತಿಂಗಳು ಔಷಧಿ ಕೊಟ್ಟಿದ್ದರು. ಅಕ್ಕ ಮಾತ್ರ ಅವನು ಕೂಸಿದ್ದಾಗಿಂದ ಹೇಳುತ್ತಲೇ ಇದ್ದಳು, "ಇವನಿಗೆ ಮುತ್ತು ಕೊಟ್ರ ಉಪ್ಪುಪ್ಪು ಹತ್ತತದ" ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಹಾಕಿಕೊಳ್ಳಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಪುಣೆಯಲ್ಲಿ ಬೆವರಿನ ಪರೀಕ್ಷೆ ಮಾಡಿಸಿದಾಗ ಉಪ್ಪಿನ ಭಾಗವಾದ ಕ್ಲೋರೈಡ್ ಲೀಟರಿಗೆ 104 ಮಿಲಿಮೋಲ್ ಬಂತು. 60 ಮುಟ್ಟಿದರೇ ಈ ರೋಗ ಅಂತ ಲೆಕ್ಕ. ಅಕ್ಕ ಧಾರವಾಡ ಬಿಟ್ಟು ಪುಣೆಯ ಪಾಷಾಣ್‌ನಲ್ಲಿರುವ ನಮ್ಮ ಮನೆಗೇ ಬಂದಳು.

ಶ್ವಾಸನಾಳದ ಒಳಗೋಡೆಯ ಸೆಲ್ಲು ಕ್ಲೋರೈಡನ್ನು ಹೊರಗೆ ಬಿಡಬೇಕು. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ. ಆ ನೀರಿದ್ದರೆ ಕಫ ಸಡಿಲ. ಸಿಲಿಯಾ ಅನ್ನುವ ಸಣ್ಣ ಕೂದಲುಗಳು ಅದನ್ನು ಮೇಲಕ್ಕೆ ತಳ್ಳುತ್ತವೆ. ಕ್ಲೋರೈಡ್ ಬಿಡುವ ಮುಖ್ಯ ಪ್ರೋಟೀನು ಸಿಎಫ್‌ಟಿಆರ್. ಅದರ ಜೀನ್ ಸಿಕ್ಕಿದ್ದು 1989ರಲ್ಲಿ. ಈ ಪ್ರೋಟೀನು 1480 ಮಣಿಗಳ ಸರ ಅಂದುಕೊಳ್ಳಿ. 508ನೆಯ ಒಂದೇ ಒಂದು ಮಣಿ ಇಲ್ಲದಿದ್ದರೆ ಸರ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಸೆಲ್ಲು ಅದನ್ನು ಒಳಗೇ ತಡೆದು ಒಡೆದು ಹಾಕುತ್ತದೆ. ಆಗ ಕಫ ಗಟ್ಟಿಯಾಗಿ ಅಲ್ಲೇ ಸೋಂಕು ಕೂರುತ್ತದೆ. ನಮ್ಮ ಹುಡುಗನಿಗೆ ಅಪ್ಪನಿಂದ ಬಂದಿದ್ದೂ ಅಂಥದ್ದೇ, ಅಮ್ಮನಿಂದ ಬಂದಿದ್ದೂ ಅಂಥದ್ದೇ.

ಆದರೆ ಅದೇ ಸೆಲ್ಲಿನಲ್ಲಿ ಕ್ಲೋರೈಡಿಗೆ ಇನ್ನೊಂದು ದಾರಿ ಇದೆ, ಟಿಎಂಇಎಂ16ಎ ಅಂತ. 2008ರಲ್ಲಿ ಮೂರು ಗುಂಪುಗಳು ಬೇರೆಬೇರೆಯಾಗಿ ಅದನ್ನು ಗುರುತಿಸಿದವು. ಈ ರೋಗ ಅದನ್ನು ಕೆಡಿಸುವುದಿಲ್ಲ. ಅದು ತೆರೆಯೋದು ಸೆಲ್ಲಿನೊಳಗೆ ಕ್ಯಾಲ್ಸಿಯಂ ಏರಿದಾಗ. ನಾನು ದಿನಾ ಅಳೆಯುವುದು ಅದೇ ಕ್ಯಾಲ್ಸಿಯಂ.

ಕೋಣೆಯ ದೀಪ ಆರಿಸಿ ಕೂರಬೇಕು. ಸೆಲ್ಲುಗಳಿಗೆ ಮೊದಲೇ ಫ್ಯೂರಾ-2 ಬಣ್ಣ ಕುಡಿಸಿರುತ್ತೇನೆ, 1985ರಲ್ಲಿ ರೋಜರ್ ಚಿಯೆನ್ ಗುಂಪಿನವರು ಹೊರತಂದ ಬಣ್ಣ. 340 ನ್ಯಾನೋಮೀಟರಿನ ಬೆಳಕು ಒಮ್ಮೆ, 380ರದ್ದು ಒಮ್ಮೆ ಬೀಳುತ್ತಾ ಇರುತ್ತದೆ. ಎರಡರಲ್ಲೂ ಬಣ್ಣ ಎಷ್ಟೆಷ್ಟು ಹೊಳೆಯಿತು ಅನ್ನುವ ಅನುಪಾತ ಏರಿದರೆ ಕ್ಯಾಲ್ಸಿಯಂ ಏರಿತು ಅಂತ. ಕಂಪ್ಯೂಟರು ಕಡಿಮೆಯನ್ನು ನೀಲಿಯಾಗಿ, ಜಾಸ್ತಿಯನ್ನು ಕೆಂಪಾಗಿ ತೋರಿಸುತ್ತದೆ. ಸುಮ್ಮನಿರುವ ಸೆಲ್ಲಿನೊಳಗೆ ಕ್ಯಾಲ್ಸಿಯಂ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ. ಪರದೆ ಪೂರ್ತಿ ನೀಲಿ. ಪಿಪೆಟ್ಟಿನಿಂದ ಒಂದು ಹನಿ ಎಟಿಪಿ ಬಿಡುತ್ತೇನೆ, ಸೆಲ್ಲುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಅಣು ಅದು. ಅದು ಸೆಲ್ಲಿನ ಮೇಲಿನ ಪಿ2ವೈ2 ರಿಸೆಪ್ಟರಿಗೆ ಅಂಟಿಕೊಳ್ಳುತ್ತದೆ, ಒಳಗೆ ಐಪಿ3 ಅನ್ನುವ ಸಣ್ಣ ಅಣು ಹುಟ್ಟುತ್ತದೆ, ಸೆಲ್ಲಿನೊಳಗಿನ ಇಆರ್ ಅನ್ನುವ ಕ್ಯಾಲ್ಸಿಯಂ ಉಗ್ರಾಣದ ಬಾಯಿ ಬಿಚ್ಚುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪರದೆ ಕೆಂಪಾಗುತ್ತದೆ. ಎಷ್ಟು ವರ್ಷ ನೋಡಿದರೂ ಆ ಕ್ಷಣಕ್ಕೆ ನನ್ನ ಉಸಿರು ನಿಲ್ಲುತ್ತದೆ.

ಈ ಕಾಯಿಲೆಯವರ ಶ್ವಾಸನಾಳದ ಸೆಲ್ಲುಗಳಲ್ಲಿ ಈ ಏರಿಕೆ ಜಾಸ್ತಿ, ಅವುಗಳ ಉಗ್ರಾಣವೇ ದೊಡ್ಡದು. ಮೊದಲು ತಪ್ಪನ್ನು ಕೆಟ್ಟ ಪ್ರೋಟೀನಿನ ಮೇಲೇ ಹೊರಿಸಿದ್ದರು. ಅದು ಇಆರ್‌ನಲ್ಲೇ ಸಿಕ್ಕಿಕೊಂಡಿರುತ್ತದೆ, ಅಲ್ವಾ? 2005ರಲ್ಲಿ ನಾರ್ತ್ ಕೆರೋಲಿನಾದ ಸಂಶೋಧಕರು ಅದೇ ಸೆಲ್ಲುಗಳನ್ನು ಸೋಂಕಿನಿಂದ ದೂರ ಇಟ್ಟು, ತಟ್ಟೆಯಲ್ಲಿ ಒಂದು ತಿಂಗಳ ಮೇಲೆ ಬೆಳೆಸಿ ನೋಡಿದರು. ಜೀನ್ ಅದೇ ಕೆಟ್ಟ ಜೀನ್. ಆದರೆ ಏರಿಕೆ ಆರೋಗ್ಯವಂತರ ಸೆಲ್ಲಿನಷ್ಟಕ್ಕೇ ಇಳಿಯಿತು. ತಿರುಗಿಸಿಯೂ ನೋಡಿದರು. ಒಳ್ಳೆಯ ಸೆಲ್ಲುಗಳ ಮೇಲೆ ರೋಗಿಗಳ ಕಫದಿಂದ ತೆಗೆದ ತಿಳಿಯನ್ನು ಹಾಕಿದಾಗ ಅವುಗಳ ಉಗ್ರಾಣವೂ ದೊಡ್ಡದಾಯಿತು. ಅಂದರೆ ಸೋಂಕು ಬಂದು ಕೂತಿದೆ ಅಂತ ಸೆಲ್ಲು ತಾನಾಗಿಯೇ ಕ್ಯಾಲ್ಸಿಯಂ ಕೂಡಿಟ್ಟುಕೊಳ್ಳುತ್ತಿದೆ. ಇದನ್ನು ಓದಿದ ರಾತ್ರಿ ಅಕ್ಕನನ್ನು ಎಬ್ಬಿಸಿ ಹೇಳಿದ್ದೆ.

ಅದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಕ್ಯಾಲ್ಸಿಯಂ ಏರಿದರೆ ಸಿಲಿಯಾ ಜೋರಾಗಿ ಬಡಿಯುತ್ತವೆ, ಇನ್ನೊಂದು ದಾರಿಯಿಂದ ಕ್ಲೋರೈಡ್ ಹೋಗುತ್ತದೆ. ಅದರ ಜೊತೆಗೇ ಐಎಲ್-8 ಕೂಡ ಜಾಸ್ತಿ ಸುರಿಯುತ್ತದೆ, ಉರಿಯೂತದ ಸೆಲ್ಲುಗಳನ್ನು ಕರೆಯುವ ಅಣು ಅದು. ಆ ಉರಿಯೂತವೇ ಶ್ವಾಸಕೋಶವನ್ನು ಸವೆಸುವುದು. ಪಿ2ವೈ2 ರಿಸೆಪ್ಟರನ್ನೇ ಎಬ್ಬಿಸುವ ಡೆನುಫೊಸಾಲ್ ಅನ್ನುವ ಔಷಧಿ ಮೂರನೇ ಹಂತದ ಪರೀಕ್ಷೆಯಲ್ಲಿ 2011ರಲ್ಲಿ ಬಿದ್ದುಹೋಯಿತು. ನನಗೆ ಬೇಸರವಾಯಿತು, ಆದರೆ ಆಶ್ಚರ್ಯ ಆಗಲಿಲ್ಲ. ನನ್ನ ಪರದೆಯ ಮೇಲೆ ಆ ಕೆಂಪು ನಿಮಿಷಗಳಲ್ಲೇ ಇಳಿಯುವುದನ್ನು ದಿನಾ ನೋಡುತ್ತೇನಲ್ಲ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕ, ಮೂರು ಔಷಧಿ ಸೇರಿದ ಗುಳಿಗೆ ಸಿಎಫ್‌ಟಿಆರ್ ಅನ್ನೇ ಸರಿಪಡಿಸುತ್ತದೆ. ಅದರ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಬೆಳಿಗ್ಗೆ ಉಪ್ಪುನೀರಿನ ನೆಬ್ಯುಲೈಸರ್ ಗುರ್ ಅನ್ನುತ್ತದೆ. ಆಮೇಲೆ ಅವನು ದಿಂಬಿನ ಮೇಲೆ ಬೋರಲು ಮಲಗುತ್ತಾನೆ. ಅಕ್ಕ ಅಂಗೈ ಬೊಗಸೆ ಮಾಡಿಕೊಂಡು ಬೆನ್ನು ತಟ್ಟುತ್ತಾಳೆ, ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು. ಊಟಕ್ಕೆ ಕೂತಾಗ ಜೀರ್ಣಕ್ಕೆ ಎಂಜೈಮ್ ಗುಳಿಗೆ. ಸಂಜೆ ಓಟ. ಉಸಿರಾಟದ ಎಳೆತದ ಹಾಗೆ ಅಲುಗಾಡಿಸಿದರೆ ಈ ಸೆಲ್ಲುಗಳು ತಾವೇ ಎಟಿಪಿ ಬಿಡುತ್ತವೆ, ಮೇಲಿನ ನೀರೂ ಏರುತ್ತದೆ. ಇದನ್ನು ತಟ್ಟೆಯಲ್ಲಿ ಬೆಳೆಸಿದ ಸೆಲ್ಲುಗಳಲ್ಲಿ ಕಂಡಿದ್ದಾರೆ, ಈ ಕಾಯಿಲೆಯವರ ಸೆಲ್ಲುಗಳಲ್ಲೂ. ಅವನು ಏದುಸಿರು ಬಿಡುವಾಗ ನನಗೆ ನೆನಪಾಗೋದು ಅದೇ.

ನಿನ್ನೆ ಸಂಜೆ ಟೇಕಡಿ ಗುಡ್ಡದ ಅರ್ಧಕ್ಕೆ ಓಡಿ ಹತ್ತಿದ. ಕೂತು ಕೆಮ್ಮಿದ, ಕರ್ಚೀಫಿಗೆ ಗಟ್ಟಿ ಕಫ ಉಗುಳಿದ, ನೀರು ಕುಡಿದ. ಆಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದ.

"ಮಾವಶಿ, ಈಗ ಕೆಂಪ ಆಗಿರಬೇಕಲ್ಲ?"