ಮಳೆಗಾಲದಲ್ಲಿ ಮುಂದೆ ಓಡುತ್ತಿದ್ದ ಗಡಿಯಾರ

ಮಡಿಕೇರಿಯ ಜುಲೈ ಅಂದರೆ ಗೊತ್ತಲ್ಲ. ಒಲೆಯ ಮೇಲೆ ಎರಡು ದಿನ ನೇತುಹಾಕಿದರೂ ಯೂನಿಫಾರ್ಮ್ ಒಣಗುವುದಿಲ್ಲ. ಬಸ್ಸು ತಡ, ಕರೆಂಟ್ ಇಲ್ಲ. ಎಲ್ಲವೂ ನಿಧಾನ. ನಮ್ಮ ಶಾಲೆಯ ವರಾಂಡದ ಗಡಿಯಾರ ಮಾತ್ರ ಆಗಲೇ ಮುಂದೆ ಓಡುತ್ತಿತ್ತು! ಏಪ್ರಿಲ್‌ನಲ್ಲಿ ಅದೇ ಗಡಿಯಾರ ಹಿಂದೆ ಬೀಳುತ್ತಿತ್ತು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಇದನ್ನು ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಪ್ರತಿ ಸೋಮವಾರ ಅದಕ್ಕೆ ಕೀ ಕೊಡುವ ಕೆಲಸ ಕೊಟ್ಟರು. ಜೊತೆಗೆ ಒಂದು ನೋಟ್‌ಬುಕ್. ರೇಡಿಯೊ ವಾರ್ತೆಗೆ ಮುಂಚೆ ಬರುವ ಬೀಪ್‌ಗೆ ಹೋಲಿಸಿ, ಎಷ್ಟು ಸೆಕೆಂಡ್ ಆಚೀಚೆ ಅಂತ ಬರೆದಿಡಬೇಕು.

ಒಂದು ಮಧ್ಯಾಹ್ನ ಮೇಷ್ಟ್ರು ವರಾಂಡದ ತೊಲೆಗೆ ಹುರಿ ಕಟ್ಟಿ, ತುದಿಗೆ ಕಲ್ಲು ಬಿಗಿದರು. ತೊಲೆಯಿಂದ ಕಲ್ಲಿನ ನಡುವಿಗೆ 99 ಸೆಂಟಿಮೀಟರ್ ಚಿಲ್ಲರೆ. ತೂಗಿ ಬಿಟ್ಟು ಎಣಿಸಿದೆವು. ನಿಮಿಷಕ್ಕೆ ಮೂವತ್ತು ಸಲ ಹೋಗಿ ಬಂತು. ಸ್ವಲ್ಪ ಜಾಸ್ತಿ ಎಳೆದು ಬಿಟ್ಟೆವು, ಆಗಲೂ ಮೂವತ್ತು. ಕಲ್ಲು ಬಿಚ್ಚಿ ತಕ್ಕಡಿಯ ಕಬ್ಬಿಣದ ಬಟ್ಟು ಕಟ್ಟಿದೆವು, ಮತ್ತೆ ಮೂವತ್ತೇ. ಹುರಿ ಗಿಡ್ಡ ಮಾಡಿದಾಗ ಮಾತ್ರ ಲೆಕ್ಕ ಬದಲಾಯಿತು. ಅಂದರೆ ವೇಳೆ ಇರುವುದು ಉದ್ದದಲ್ಲಿ, ಅಲ್ವಾ? ಆ ಕ್ಷಣ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಗಡಿಯಾರದ ಬಾಗಿಲು ತೆಗೆದು ಒಳಗೆ ತೋರಿಸಿದರು. ಹಲ್ಲಿನ ಚಕ್ರಕ್ಕೆ ಒಂದು ಕೊಕ್ಕೆ. ಲೋಲಕ, ಅಂದರೆ ತುದಿಗೆ ಗುಂಡು ಇರುವ ತೂಗಾಡುವ ಕಡ್ಡಿ, ಒಂದು ಸಲ ಹೋಗಿ ಬಂದರೆ ಒಂದು ಹಲ್ಲು ಜಾರುತ್ತದೆ. ಜಾರುವಾಗ ಲೋಲಕಕ್ಕೆ ಸಣ್ಣದಾಗಿ ನೂಕು ಕೊಡುತ್ತದೆ. ಟಿಕ್ ಅನ್ನುವುದು ಆ ಹಲ್ಲು ಕೊಕ್ಕೆಗೆ ತಾಗುವ ಸದ್ದು. 1656ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್ ಗಡಿಯಾರಕ್ಕೆ ಲೋಲಕ ಕಟ್ಟುವ ಮೊದಲು, ದಿನಕ್ಕೆ ಕಾಲು ಗಂಟೆ ತಪ್ಪುವುದು ಮಾಮೂಲಾಗಿತ್ತಂತೆ.

ನಮ್ಮ ಗಡಿಯಾರದ ಲೋಲಕ 25 ಸೆಂಟಿಮೀಟರ್, ಹಿತ್ತಾಳೆ ಕಡ್ಡಿ. ಚಳಿಗೆ ಹಿತ್ತಾಳೆ ಕುಗ್ಗುತ್ತದೆ. ಉದ್ದ ಕಡಿಮೆಯಾದರೆ ತೂಗಾಟ ಬೇಗ. ಹತ್ತು ಡಿಗ್ರಿ ಇಳಿದರೆ ದಿನಕ್ಕೆ ಎಂಟು ಸೆಕೆಂಡ್, ವಾರಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ ಮುಂದೆ. ಗುಂಡಿನ ಕೆಳಗೊಂದು ಪುಟ್ಟ ನಟ್ ಇತ್ತು. ಗುಂಡು ಒಂದೇ ಮಿಲಿಮೀಟರ್ ಕೆಳಗಿಳಿದರೆ ದಿನಕ್ಕೆ ಮೂರು ನಿಮಿಷ ಹಿಂದೆ. ಹಾಗಾಗಿ ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ತಿರುಗಿಸುತ್ತಿದ್ದೆ.

"ಇದನ್ನು ಮಂಗಳೂರಿಗೆ ಒಯ್ದರೆ?" ಅಂತ ಮೇಷ್ಟ್ರು ಕೇಳಿದರು. ಯಾರಿಗೂ ಗೊತ್ತಾಗಲಿಲ್ಲ. ಮಡಿಕೇರಿ ಸಮುದ್ರಕ್ಕಿಂತ ಸಾವಿರದ ನೂರು ಮೀಟರಿಗೂ ಮೇಲಿದೆ. ಇಲ್ಲಿ ಭೂಮಿಯ ಸೆಳೆತ ಚೂರು ಕಡಿಮೆ. ಅಲ್ಲಿನ ಸೆಕೆಯ ಲೆಕ್ಕ ಬಿಟ್ಟರೆ, ಕೆಳಗೆ ಹೋದಾಗ ದಿನಕ್ಕೆ ಹತ್ತು ಹದಿನೈದು ಸೆಕೆಂಡ್ ಮುಂದೆ ಹೋಗುತ್ತದೆ. ನಾವು ನಿಂತ ಬೆಟ್ಟದ ಎತ್ತರ ಕೂಡ ಆ ಗಡಿಯಾರಕ್ಕೆ ಗೊತ್ತಿತ್ತು.

ಈಗ ಕೈಯಲ್ಲಿರುವುದು ಕ್ವಾರ್ಟ್ಜ್ ವಾಚು. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ. ಆ ಸಂಖ್ಯೆ ಸುಮ್ನೆ ಆರಿಸಿದ್ದಲ್ಲ. ಹದಿನೈದು ಸಲ ಅರ್ಧ ಮಾಡುತ್ತಾ ಹೋಗಿ ನೋಡಿ, ಸರಿಯಾಗಿ ಒಂದು ಉಳಿಯುತ್ತದೆ. 1967ರಿಂದ ಸೆಕೆಂಡಿನ ಅಳತೆಯೇ ಸೀಸಿಯಂ ಪರಮಾಣುವಿನದು, 9,19,26,31,770 ಕಂಪನಗಳು. ಆದರೂ ಕೆಲಸ ನಮ್ಮ ಹುರಿ ಕಲ್ಲಿನದೇ. ಒಂದು ತೂಗಬೇಕು, ಇನ್ನೊಂದು ಎಣಿಸಬೇಕು.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ಕೊಯ್ಯುವ ಗಳಿಗೆ ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಸ್ಥಾನದಿಂದ ಗೊತ್ತಾಗುತ್ತದೆ, ಗಂಟೆ ನಿಮಿಷದ ಸಮೇತ. ಆ ವರ್ಷ ಮೊದಲ ಬಾರಿಗೆ ಮನೆಯ ಗಡಿಯಾರವನ್ನು ನಾನೇ ಸರಿಮಾಡಿದೆ. ವಾರ ಮುಂಚಿನಿಂದ ಬೀಪ್‌ಗೆ ಕೂರಿಸಿ, ನಟ್ ತಿರುಗಿಸಿ. ಅಪ್ಪ ಕುಡುಗೋಲು ಹಿಡಿದು ಬೆಳದಿಂಗಳಲ್ಲಿ ಗದ್ದೆಗೆ ಇಳಿಯುವ ಮುಂಚೆ ಗೋಡೆ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು, "ಸರಿ ಇದೆಯಾ?" "ಸರಿ ಇದೆ" ಅಂದೆ.