ಕಾರ್ಬ್ಯುರೇಟರಿನೊಳಗಿನ ಉಪ್ಪು

ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡದಲ್ಲಿರುತ್ತವೆ. ನಮ್ಮಂಥ ನಾಡದೋಣಿಯವರಿಗೆ ಈ 61 ದಿನವೇ ದುಡಿಮೆಯ ಕಾಲ. ಅಂಥ ಒಂದು ಜುಲೈ ಬೆಳಿಗ್ಗೆ, ನದಿ ಕಡಲು ಸೇರುವ ಗಂಗೊಳ್ಳಿ ಅಳಿವೆಯಲ್ಲಿ ಹಿಂದಿನಿಂದ ಬಂದ ತೆರೆ ನಮ್ಮ ಇಂಜಿನ್ ಮೇಲೆಯೇ ಒಡೆಯಿತು. ಗುರ್ ಗುರ್ ಎಂದು ನಿಂತೇಹೋಯಿತು. ಹುಟ್ಟು ಹಾಕಿಕೊಂಡು ದಡ ಸೇರಿದೆವು.

ದೋಣಿಯ ಹಿಂಬದಿಗೆ ಸಿಕ್ಕಿಸುವ 9.9 ಹಾರ್ಸ್‌ಪವರಿನ ಔಟ್‌ಬೋರ್ಡ್ ಅದು, ಪೆಟ್ರೋಲಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಉಪ್ಪುನೀರು ಒಳಗೆ ಹೋದ ಮೇಲೆ ತಡ ಮಾಡುವ ಹಾಗಿಲ್ಲ, ಗಾಳಿ ತಾಗಿದರೆ ತುಕ್ಕು ಶುರು. ಸಿಹಿನೀರು ಹೊಯ್ದು ತೊಳೆದೆ. ಎರಡೂ ಪ್ಲಗ್ ಬಿಚ್ಚಿ ಹಗ್ಗ ಎಳೆದರೆ ನೀರು ಚಿಮ್ಮಿತು. ಸಿಲಿಂಡರಿಗೆ ಆಯಿಲ್ ಬಿಟ್ಟು ಮತ್ತೆ ಎಳೆದೆ. ಟ್ಯಾಂಕಿನ ಪೆಟ್ರೋಲನ್ನೂ ಬದಲಿಸಿದೆ. ಎಣ್ಣೆಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಲ್ಲಿ ತೊಳೆದು ಜೋಡಿಸಿದೆ. ಸ್ಟಾರ್ಟ್ ಏನೋ ಆಯಿತು. ಥ್ರಾಟಲ್ ಇಳಿಸಿದರೆ ಸಾಕು, ಬಂದ್. ಮತ್ತೆ ಬಿಚ್ಚಿದೆ, ಮತ್ತೆ ಪೆಟ್ರೋಲ್, ಮತ್ತೆ ಅದೇ ಕಥೆ. ಅಳಿವೆಯಲ್ಲಿ ತೆರೆ ನೋಡಿಕೊಂಡು ನಿಧಾನ ಮಾಡುವಾಗ ಇಂಜಿನ್ ನಿಂತರೆ ಜೀವಕ್ಕೇ ಸಂಚಕಾರ.

ಮಧ್ಯಾಹ್ನ ಮಾವ ಬಂದರು. ಒಂದು ಗಳಿಗೆ ನೋಡಿ, “ಮಾಣಿ, ಉಪ್ಪು ಪೆಟ್ರೋಲಲ್ಲಿ ಕರಗುತ್ತಾ?” ಎಂದು ಕೇಳಿದರು.

ಕರಗಲ್ಲ, ಅಲ್ವಾ! ಪೆಟ್ರೋಲಿನಿಂದ ಅಂಟು, ಜಿಡ್ಡು ಹೋಗುತ್ತದೆ. ಒಣಗಿ ಕೂತ ಉಪ್ಪಿಗೆ ನೀರೇ ಬೇಕು.

ಅತ್ತೆ ಪಾತ್ರೆ ತುಂಬ ಬಿಸಿನೀರು ತಂದುಕೊಟ್ಟರು. ಫ್ಲೋಟ್, ನೀಡಲ್, ಜೆಟ್ ಎಲ್ಲ ಬಿಚ್ಚಿದೆವು. ಗಾಳಿ ಸ್ಕ್ರೂ ತೆಗೆಯುವ ಮೊದಲು ಅದನ್ನು ಪೂರ್ತಿ ಬಿಗಿ ಮಾಡಲು ಎಷ್ಟು ಸುತ್ತು ಬೇಕೆಂದು ಮಾವ ಎಣಿಸಿಕೊಂಡರು, ಮತ್ತೆ ಅಷ್ಟೇ ಸಡಿಲಿಸಿ ಕೂರಿಸಲು. ಎಣ್ಣೆ ನಿಲ್ಲುವ ಬೌಲಿನ ಮೂಲೆಯಲ್ಲಿ ಬೆಳ್ಳಗೆ ಉಪ್ಪು ಹೆಪ್ಪುಗಟ್ಟಿತ್ತು. ಇಂಜಿನ್ ನಿಧಾನವಾಗಿ ಓಡುವಾಗ ಎಣ್ಣೆ ಬಿಡುವ ಸಣ್ಣ ಜೆಟ್ಟನ್ನು ಬೆಳಕಿಗೆ ಹಿಡಿದರೆ ಆಚೆ ಏನೂ ಕಾಣಲಿಲ್ಲ. ಕೂದಲಿನಷ್ಟು ತೂತು, ಬಾಯಲ್ಲಿ ಹಸಿರು ಕಿಲುಬು. ನಾನು ತಂತಿ ಎತ್ತಿಕೊಂಡೆ. ಮಾವ ಕೈ ಹಿಡಿದರು. ಹಿತ್ತಾಳೆ ಮೆತ್ತಗೆ, ತೂತು ಒಂದಿಷ್ಟು ದೊಡ್ಡದಾದರೂ ಎಣ್ಣೆಯ ಅಳತೆ ತಪ್ಪುತ್ತದೆ. ಬಿಸಿನೀರಲ್ಲಿ ನೆನೆಸಿ, ಗಾಳದ ನೈಲಾನ್ ದಾರ ತೂರಿಸಿದರು. ಮೂರು ಸಲ ನೀರು ಬದಲಿಸಿದೆವು. ಸೈಕಲ್ ಪಂಪಿನಿಂದ ಒಂದೊಂದು ತೂತಿಗೂ ಗಾಳಿ ಹೊಡೆದೆವು. ಪೆಟ್ರೋಲಲ್ಲಿ ತೊಳೆದದ್ದು ಕೊನೆಗೆ. ಜೆಟ್ಟನ್ನು ಮತ್ತೆ ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ದುಂಡಗಿನ ಬೆಳಕು. ಅದನ್ನು ನೋಡಿದಾಗ ಆದ ಖುಷಿ ಹೇಳಲಾರೆ.

ಮರುದಿನ ನಸುಕಿನಲ್ಲಿ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದೆ. ಅಳಿವೆ ಬಾಯಲ್ಲಿ ಥ್ರಾಟಲ್ ಇಳಿಸಿ, ಮೂರು ತೆರೆ ಹೋಗಲಿ ಎಂದು ಕಾದೆವು. ಇಂಜಿನ್ ಒಂದೇ ಸಮನೆ ಓಡುತ್ತಿತ್ತು.