ಮಗ್ಗುಲಾಗಿ ಬಿದ್ದ ಮುದ್ರೆ

ಅಪ್ಪನ ಪುಸ್ತಕದ ಕಪಾಟನ್ನು ಚಿತ್ರಿಸಬೇಕೆಂದು ನಾನು ಕುಳಿತದ್ದು ಅವರು ತೀರಿಕೊಂಡ ಮರುವರ್ಷ. ತೇಗದ ಮರದ, ಐದು ಅರೆಗಳ ಆ ಕಪಾಟಿನಲ್ಲಿ ಪುಸ್ತಕಗಳಷ್ಟೇ ಇರಲಿಲ್ಲ. ಅಜ್ಜಿಯ ಹಿತ್ತಾಳೆಯ ಅಡಕತ್ತರಿ, ಮುಚ್ಚಳ ಕಳೆದುಹೋದ ಮಸಿಕುಡಿಕೆ, ಒಂದು ಕಾಲು ಮುರಿದ ಕನ್ನಡಕ, ಚನ್ನಪಟ್ಟಣದ ಬುಗುರಿ, ಇವೆಲ್ಲ ಪುಸ್ತಕಗಳ ಮುಂದಿನ ನಾಲ್ಕು ಬೆರಳಗಲದ ಜಾಗದಲ್ಲಿ ವರ್ಷಗಳಿಂದ ನೆಲೆಸಿದ್ದವು. ನಮ್ಮ ಕಲಾಶಾಲೆಗಳಲ್ಲಿ ಸ್ಟಿಲ್ ಲೈಫ್ ಎಂದರೆ ಮೇಜಿನ ಮೇಲಿನ ಹೂಜಿ, ಹಣ್ಣು, ಮಡಿಕೆಬಿದ್ದ ಬಟ್ಟೆ. ಅದನ್ನೇ ಅಭ್ಯಾಸ ಮಾಡಿದ್ದ ನನ್ನ ಕೈಗೆ ಈ ಕಪಾಟು ದಕ್ಕಲಿಲ್ಲ. ಫೋಟೊ ತೆಗೆದು ಅದರಂತೆ ಬರೆದರೆ ಮೇಲಿನ ಅರೆಗಳು ಹಿಂದಕ್ಕೆ ಬಾಗಿ, ಕಪಾಟು ಬೀಳುವ ಗೋಡೆಯಂತೆ ಕಾಣುತ್ತಿತ್ತು. ಎದುರಿಗೆ ಕುಳಿತು ಬರೆದರೆ ಪುಸ್ತಕಗಳ ಬೆನ್ನುಗಳು ಚಪ್ಪಟೆಯಾಗಿ, ಬಣ್ಣದ ಪಟ್ಟಿಗಳಾಗಿಬಿಡುತ್ತಿದ್ದವು. ಪುಸ್ತಕದ ಕಪಾಟನ್ನು ಹಿಂದೆ ಯಾರು, ಹೇಗೆ ಬರೆದಿದ್ದಾರೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕವನು ಕೊರಿಯಾದ ಆಸ್ಥಾನ ಚಿತ್ರಕಾರ ಯಿ ಹ್ಯಂಗ್‌ರೊಕ್.

ಅವನು ಹುಟ್ಟಿದ್ದು 1808ರಲ್ಲಿ, ಚಿತ್ರಕಾರರ ಮನೆತನದಲ್ಲಿ. ಬದುಕಿನುದ್ದಕ್ಕೂ ಅವನಿಗೆ ಹೆಸರು ತಂದುಕೊಟ್ಟ ವಸ್ತು ಒಂದೇ: ಪುಸ್ತಕಗಳ ಅರೆಗಳು, ಅವುಗಳಲ್ಲಿಟ್ಟ ಬೆಲೆಬಾಳುವ ವಸ್ತುಗಳು. ಕೊರಿಯನ್ನರು ಈ ಪ್ರಕಾರವನ್ನು ಚೇಕ್‌ಕೊರಿ ಎನ್ನುತ್ತಾರೆ. ಪುಸ್ತಕಗಳು ಮತ್ತು ವಸ್ತುಗಳು ಎಂದು ಅದರ ಅರ್ಥ. ಇವು ಗೋಡೆಗೆ ನೇತುಹಾಕುವ ಚಿತ್ರಗಳಲ್ಲ, ಎಂಟು ಅಥವಾ ಹತ್ತು ಪಟ್ಟಿಕೆಗಳಾಗಿ ಮಡಿಚಿ ನಿಲ್ಲಿಸುವ ತೆರೆಗಳು. ಬಿಚ್ಚಿ ನಿಲ್ಲಿಸಿದರೆ ಕೋಣೆಯ ಒಂದು ಬದಿಯೇ ಪುಸ್ತಕಭಂಡಾರವಾದಂತೆ ತೋರುತ್ತದೆ.

ಈ ಪ್ರಕಾರಕ್ಕೆ ಮಾನ ತಂದವನು 1776ರಿಂದ 1800ರವರೆಗೆ ಆಳಿದ ದೊರೆ ಜೊಂಗ್‌ಜೊ. ಕೊರಿಯಾದ ಸಿಂಹಾಸನದ ಹಿಂದೆ ಸೂರ್ಯ, ಚಂದ್ರ, ಐದು ಶಿಖರಗಳ ತೆರೆ ಇರುವುದು ವಾಡಿಕೆ. 1791ರಲ್ಲಿ ಅವನು ಆ ಜಾಗದಲ್ಲಿ ಪುಸ್ತಕದ ಅರೆಗಳ ತೆರೆಯನ್ನು ಇರಿಸಿ, ಬಂದ ಮಂತ್ರಿಗಳಿಗೆ ಇವು ನಿಜವಾದ ಪುಸ್ತಕಗಳಲ್ಲ, ಚಿತ್ರ ಎಂದು ನಗುತ್ತ ಹೇಳಿದನು. ಓದಲು ಬಿಡುವಿಲ್ಲದಿದ್ದರೂ ಓದುವ ಕೋಣೆಗೆ ಹೋಗಿ ಪುಸ್ತಕಗಳನ್ನು ಮುಟ್ಟಿದರೆ ಮನಸ್ಸಿಗೆ ಹಿತವಾಗುತ್ತದೆ ಎಂಬ ಹಿರಿಯರ ಮಾತು ಈ ಚಿತ್ರದಿಂದ ತನಗೆ ಅರ್ಥವಾಯಿತು ಎಂದೂ ಹೇಳಿದನು. ರಾಜ್ಯಭಾರದಲ್ಲಿ ಮುಳುಗಿ ಪುಸ್ತಕ ತೆರೆಯಲಾಗದ ಓದುಗನೊಬ್ಬನ ಹಂಬಲ ಅದರಲ್ಲಿದೆ. ಆ ತೆರೆಯ ಮೇಲೆ ಅವನಿಗೆ ಪ್ರಿಯವಾದ ಗ್ರಂಥಗಳ ಹೆಸರುಗಳನ್ನು ಬರೆಸಲಾಗಿತ್ತು. ತೆರೆ ಮಾತ್ರ ಉಳಿದಿಲ್ಲ.

ಇದೇ ದೊರೆಯ ಕಾಲದ ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಹೆಚ್ಚು ಕಾಡುತ್ತದೆ. ಆಸ್ಥಾನದ ಚಿತ್ರಕಾರರಿಗೆ ಪರೀಕ್ಷೆಗಳು ನಡೆಯುತ್ತಿದ್ದವು. 1788ರಲ್ಲಿ ಪುಸ್ತಕದ ಚಿತ್ರವನ್ನು ಬರೆಯಬೇಕಾಗಿದ್ದಲ್ಲಿ ಏನೇನೋ ಬರೆದರೆಂದು ಇಬ್ಬರು ಚಿತ್ರಕಾರರನ್ನು ದೂರದ ಊರಿಗೆ ಗಡಿಪಾರು ಮಾಡಲಾಯಿತು. ಅವರಲ್ಲಿ ಒಬ್ಬನಾದ ಯಿ ಜೊಂಗ್‌ಹ್ಯನ್, ನಮ್ಮ ಹ್ಯಂಗ್‌ರೊಕ್‌ನ ಅಜ್ಜ. ಯಾವ ಚಿತ್ರದಿಂದ ಅಜ್ಜನಿಗೆ ಶಿಕ್ಷೆಯಾಯಿತೋ ಅದೇ ಚಿತ್ರ ಆ ಮನೆತನದ ಕಸುಬಾಯಿತು. ಮಗ ಯಿ ಯುನ್‌ಮಿನ್ ಅದರಲ್ಲಿ ಹೆಸರು ಮಾಡಿದನು, ಮೊಮ್ಮಗ ಅಪ್ಪನನ್ನೂ ಮೀರಿಸಿದನು. ಗಡಿಪಾರಾದವನ ಮನೆಯಲ್ಲಿ ಆ ಅರೆಗಳ ಗೆರೆಗಳನ್ನು ಮಕ್ಕಳಿಗೆ ಹೇಗೆ ಕಲಿಸಿದರು, ಯಾವ ಹಟದಿಂದ ಕಲಿಸಿದರು ಎಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಅವನ ತೆರೆಯನ್ನು ಹತ್ತಿರದಿಂದ ನೋಡುವುದೇ ಒಂದು ಪಾಠ. ಚೀನಾದ ಆಸ್ಥಾನದಲ್ಲಿದ್ದ ಕಾಸ್ತಿಲ್ಯೋನೆಯಂಥ ಯುರೋಪಿನ ಕ್ರೈಸ್ತ ಮಿಷನರಿ ಚಿತ್ರಕಾರರ ಕಾಲದಲ್ಲಿ ಬೇರೂರಿದ್ದ ಪಾಶ್ಚಾತ್ಯ ಯಥಾದರ್ಶನ, ಅಂದರೆ ಚಪ್ಪಟೆ ಹಾಳೆಯ ಮೇಲೆ ದೂರ-ಆಳಗಳನ್ನು ತೋರಿಸುವ ಬಗೆ, ಚೀನಾದ ಮೂಲಕ ಕೊರಿಯಾಕ್ಕೂ ಬಂದಿತ್ತು. ಹ್ಯಂಗ್‌ರೊಕ್ ಅದನ್ನು ತನಗೆ ಬೇಕಾದಷ್ಟೇ ತೆಗೆದುಕೊಂಡಿದ್ದಾನೆ. ಗೂಡುಗಳ ಒಳಗೋಡೆಗಳ ಗೆರೆಗಳು ಒಳಕ್ಕೆ ಸರಿದು ಆಳ ಕಾಣುತ್ತದೆ, ಆದರೆ ಅರೆಗಳ ಮುಂದಿನ ಅಂಚುಗಳು ಮಾತ್ರ ಎಲ್ಲಿಯೂ ಬಾಗದೆ, ಕೊನೆಯಿಂದ ಕೊನೆಗೆ ನೆಟ್ಟಗೆ ನಿಲ್ಲುತ್ತವೆ. ಗೂಡಿನೊಳಗೆ ಬಟ್ಟೆಯ ಹೊದಿಕೆಯಲ್ಲಿ ಕಟ್ಟಿಟ್ಟ ಪುಸ್ತಕಗಳು ಒಂದರ ಮೇಲೊಂದು ಮಲಗಿವೆ. ನಡುನಡುವೆ ಬಿರುಕು ಮೆರುಗಿನ ಹೂದಾನಿ, ಕಂಚಿನ ಪಾತ್ರೆ, ಹವಳದ ಕೊಂಬೆ, ನವಿಲುಗರಿ, ಕುಂಚಗಳು. ದೀಪವೊಂದು ಎಲ್ಲಿಂದಲೋ ಬೆಳಕು ಚೆಲ್ಲಿ, ವಸ್ತುಗಳು ನೆರಳು ಬೀಳಿಸುವ ಯುರೋಪಿನ ಬಗೆಯನ್ನು ಅವನು ಅನುಸರಿಸಲಿಲ್ಲ. ಒಂದೊಂದು ವಸ್ತುವೂ ತನ್ನ ಬಣ್ಣದಲ್ಲಿಯೇ ಬೆಳಗುತ್ತದೆ. ನನ್ನ ಕಪಾಟು ಏಕೆ ಬೀಳುತ್ತಿತ್ತು ಎಂಬುದು ಆಗ ತಿಳಿಯಿತು. ಕ್ಯಾಮೆರಾದ ಒಂದೇ ಕಣ್ಣಿಗೆ ನಾನು ಇಡೀ ಕಪಾಟನ್ನು ಒಪ್ಪಿಸಿಬಿಟ್ಟಿದ್ದೆ; ಪುಸ್ತಕದ ಅರೆಯ ಮುಂದೆ ನಿಂತ ಮನುಷ್ಯ ಮಾತ್ರ ಬಗ್ಗುತ್ತಾನೆ, ಸರಿಯುತ್ತಾನೆ, ಗೂಡಿನಿಂದ ಗೂಡಿಗೆ ಹೋಗಿ ನಿಲ್ಲುತ್ತಾನೆ.

ಆಸ್ಥಾನದ ಚಿತ್ರಕಾರರು ದೊರೆಗಾಗಿ ಬರೆದ ಚಿತ್ರಗಳಲ್ಲಿ ತಮ್ಮ ಹೆಸರು ಹಾಕುತ್ತಿರಲಿಲ್ಲ. ಎಂಥ ಕೈಚಳಕವಿದ್ದರೂ ಅದು ಅನಾಮಿಕವಾಗಿಯೇ ಉಳಿಯುತ್ತಿತ್ತು. ಹ್ಯಂಗ್‌ರೊಕ್‌ನ ಕೆಲವು ತೆರೆಗಳಲ್ಲಿ ಮಾತ್ರ, ಒಂದು ಗೂಡಿನಲ್ಲಿ ಜೋಡಿಸಿಟ್ಟ ಕಲ್ಲಿನ ಮುದ್ರೆಗಳ ನಡುವೆ ಒಂದು ಮುದ್ರೆ ಮಗ್ಗುಲಾಗಿ ಬಿದ್ದಿರುತ್ತದೆ. ಉಳಿದವು ಮುಖ ಕೆಳಗೆ ಮಾಡಿ ನಿಂತಿದ್ದರೆ, ಅದರ ಕೆತ್ತನೆಯ ಮುಖ ನೋಡುವವನ ಕಡೆಗೆ ತಿರುಗಿದೆ. ಅದರ ಮೇಲಿರುವುದು ಅವನ ಹೆಸರು. ಹೂದಾನಿ, ಹವಳಗಳ ಸಾಲಿನಲ್ಲಿ ಅದೂ ಒಂದು ವಸ್ತು. ಇಡೀ ತೆರೆಯಲ್ಲಿ ಬೆರಳಿನ ಉಗುರಿನಷ್ಟು ಜಾಗವನ್ನು ಮಾತ್ರ ಅವನು ತನಗಾಗಿ ಇರಿಸಿಕೊಂಡಿದ್ದಾನೆ. ಮೊದಲ ಸಲ ಅದನ್ನು ಹಿಗ್ಗಿಸಿ ನೋಡಿದಾಗ ನನ್ನ ಕಣ್ಣು ತುಂಬಿ ಬಂತು.

ಆ ಹೆಸರಿನಿಂದಲೂ ಒಂದು ತೊಡಕು ಹುಟ್ಟಿತು. ಕೆಲವು ತೆರೆಗಳಲ್ಲಿ ಹ್ಯಂಗ್‌ರೊಕ್ ಎಂದೂ, ಕೆಲವದರಲ್ಲಿ ಯಿ ಉಂಗ್‌ರೊಕ್ ಎಂದೂ, ಮತ್ತೆ ಕೆಲವದರಲ್ಲಿ ಯಿ ಥೇಕ್‌ಗ್ಯುನ್ ಎಂದೂ ಇತ್ತು. ಕೊರಿಯಾದ ವಂಶಾವಳಿಗಳನ್ನು ಆಳವಾಗಿ ಅಭ್ಯಾಸ ಮಾಡಿದ್ದ ಹಾರ್ವರ್ಡ್ ವಿಶ್ವವಿದ್ಯಾಲಯದ ಇತಿಹಾಸಕಾರ ಎಡ್ವರ್ಡ್ ವ್ಯಾಗ್ನರ್ ಮತ್ತು ಅವರೊಂದಿಗೆ ಕೆಲಸ ಮಾಡಿದ ಕಲಾ ಸಂಶೋಧಕಿ ಕೇ ಬ್ಲ್ಯಾಕ್, ಈ ಮೂವರೂ ಒಬ್ಬನೇ ಎಂದು ತೋರಿಸಿಕೊಟ್ಟರು. ಅವನು 1864ರಲ್ಲಿ ಒಮ್ಮೆ, 1871ರಲ್ಲಿ ಇನ್ನೊಮ್ಮೆ ಹೆಸರು ಬದಲಿಸಿಕೊಂಡಿದ್ದನು. ಹಾಗಾಗಿ ಇಂದು ತೆರೆಯ ಮೇಲಿನ ಹೆಸರೇ ಅದರ ಕಾಲವನ್ನೂ ಹೇಳುತ್ತದೆ: ಸ್ಯಾನ್ ಫ್ರಾನ್ಸಿಸ್ಕೊದ ಏಷ್ಯನ್ ಆರ್ಟ್ ಮ್ಯೂಸಿಯಂನಲ್ಲಿರುವುದು ಉಂಗ್‌ರೊಕ್ ಎಂಬ ಹೆಸರಿನ ಕಾಲದ್ದು, ಕ್ಲೀವ್‌ಲ್ಯಾಂಡಿನಲ್ಲಿರುವುದು ಅವನು ಥೇಕ್‌ಗ್ಯುನ್ ಆದ ಮೇಲಿನದು, ಅಂದರೆ ಅರವತ್ತು ದಾಟಿದವನ ಕೈಯದು. ಆ ವಯಸ್ಸಿನಲ್ಲಿಯೂ ಗೆರೆ ಒಂದಿಷ್ಟೂ ನಡುಗಿಲ್ಲ.

ನಾಲ್ಕನೆಯ ಸಲ ಕಪಾಟಿನ ಮುಂದೆ ಕುಳಿತಾಗ ನಾನು ಐದು ಅರೆಗಳನ್ನು ಐದು ಬೇರೆ ಹಾಳೆಗಳಲ್ಲಿ, ಒಂದೊಂದಕ್ಕೂ ಕುರ್ಚಿಯ ಎತ್ತರವನ್ನು ಬದಲಿಸಿ, ಕಣ್ಣಿನ ಮಟ್ಟಕ್ಕೆ ತಂದುಕೊಂಡು ಬರೆದೆ. ಆಮೇಲೆ ಮುಂದಿನ ಅಂಚುಗಳನ್ನು ಅಳತೆಪಟ್ಟಿ ಹಿಡಿದು ನೆಟ್ಟಗೆ ಎಳೆದು ಹಾಳೆಗಳನ್ನು ಒಂದುಗೂಡಿಸಿದೆ. ಕಪಾಟು ಈಗ ನಿಂತಿದೆ. ಅಡಕತ್ತರಿಯ ಹಿಡಿಯಲ್ಲಿ ಹಿತ್ತಾಳೆ ಸವೆದು ಬೆಳ್ಳಗಾದ ಜಾಗವೊಂದು ಇನ್ನೂ ಒಲಿದಿಲ್ಲ. ಅಲ್ಲಿಗೆ ಬೇಕಾದ ಹಳದಿಯನ್ನು ನಾಲ್ಕು ದಿನಗಳಿಂದ ಕಲಸುತ್ತಿದ್ದೇನೆ. ಕೆಳಗಿನ ಅರೆಯ ಎಡ ಮೂಲೆಯಲ್ಲಿ ಅಪ್ಪ ತಮ್ಮ ಪುಸ್ತಕಗಳಿಗೆಲ್ಲ ಒತ್ತುತ್ತಿದ್ದ ಹೆಸರಿನ ರಬ್ಬರ್ ಮೊಹರು, ಮರದ ಹಿಡಿಯ ಮೇಲೆ ನೆಟ್ಟಗೆ ನಿಂತಿತ್ತು. ಅದನ್ನು ಮಗ್ಗುಲಾಗಿಸಿ ಇಟ್ಟಿದ್ದೇನೆ. ಅದರ ಅಕ್ಷರಗಳು ತಿರುವುಮುರುವಾಗಿವೆ, ಮೊದಲನೆಯದು ಅರ್ಧ ಸವೆದಿದೆ. ಇದ್ದದ್ದನ್ನು ಇದ್ದಂತೆಯೇ ಬರೆಯುತ್ತಿದ್ದೇನೆ.